ಮುಡಿಪು

14 ಡಿಸೆಂಬರ್ 2025, ಭಾನುವಾರ ರಾತ್ರಿ
ಫೋಂಡಾ, ಗೋವೆ

ಟೈರ್ ಇನ್ನೂ ಬಿಚ್ಚಿಲ್ಲ. ಬಾಲ್ಕನಿಯ ಗೋಡೆಗೆ ಒರಗಿಸಿಟ್ಟ ಸೈಕಲ್ ನಾನು ಕುಳಿತಲ್ಲಿಂದಲೇ ಕಾಣುತ್ತದೆ. ಹಿಂದಿನ ಚಕ್ರದಲ್ಲಿ, ಟ್ಯೂಬಿಗೂ ಟೈರಿಗೂ ನಡುವೆ, ನನ್ನದಲ್ಲದ ಹತ್ತು ರೂಪಾಯಿಯ ನೋಟೊಂದು ನಾಲ್ಕು ಮಡಿಕೆಯಾಗಿ ಕುಳಿತಿದೆ. ಇವರಿಗೆ ಹೇಳಿದೆ. "ಹತ್ತು ರೂಪಾಯಿ ತಾನೇ, ಬೇರೆ ನೋಟು ಹಾಕಿದರಾಯಿತು" ಎಂದು ಮಗ್ಗುಲು ಬದಲಿಸಿ ಮಲಗಿದರು. ಅತ್ತೆಗೆ ಹೇಳುವ ಧೈರ್ಯ ನನಗಿಲ್ಲ.

ಬೆಳಗ್ಗೆ ನೆಂಟರು ಬಂದಿದ್ದರಿಂದ ಹೊರಟದ್ದೇ ಹನ್ನೊಂದಕ್ಕೆ. ಮೋಲೆಂವರೆಗಿನ ಹೆದ್ದಾರಿಯ ಬಗ್ಗೆ ಬರೆಯುವಂಥದ್ದೇನೂ ಇಲ್ಲ, ಲಾರಿಗಳ ಗಾಳಿಗೆ ಹೆದರುತ್ತಾ ಅಂಚಿನಲ್ಲೇ ಸಾಗಿದೆ. ಅಲ್ಲಿಂದ ಮುಂದೆ ನಮ್ಮ ಆ ಕೆಂಪು ಹಾದಿ. ಅಭಯಾರಣ್ಯದ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಹಾಗಾಗಿ ನಾನು ಯಾವಾಗಲೂ ಅಂಚಿನ ಹಳ್ಳಿಗಳ ದಾರಿಯಲ್ಲೇ ತಾಂಬ್ಡಿ ಸುರ್ಲಾದ ಕಡೆಗೆ ಹೋಗುವವಳು. ಒಂದು ಬದಿ ಅಡಿಕೆ ತೋಟ, ಇನ್ನೊಂದು ಬದಿ ಮತ್ತಿ ಮರಗಳು. ಮಳೆಗಾಲದಲ್ಲಿ ಕೊಚ್ಚಿಹೋದ ಮಣ್ಣು ಡಿಸೆಂಬರಿನ ಹೊತ್ತಿಗೆ ಗಟ್ಟಿಯಾಗಿರುತ್ತದೆ, ಧೂಳು ಇನ್ನೂ ಎದ್ದಿರುವುದಿಲ್ಲ. ಈ ಆರು ವಾರಗಳಿಗಾಗಿ ನಾನು ವರ್ಷವಿಡೀ ಕಾಯುತ್ತೇನೆ. ಜಂಬಿಟ್ಟಿಗೆಯ ಸಣ್ಣ ಉಂಡೆಕಲ್ಲುಗಳು ಗೋಲಿಗಳಂತೆ ಟೈರಿನ ಅಡಿಯಲ್ಲಿ ಉರುಳುವಾಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬಾರದು. ಬೆರಳು ಸಡಿಲಿಸಿ ಸೈಕಲಿಗೆ ಅದರ ದಾರಿಯನ್ನು ಹುಡುಕಿಕೊಳ್ಳಲು ಬಿಡಬೇಕು. ಇದನ್ನು ಕಲಿಯಲು ನನಗೆ ಎರಡು ವರ್ಷ ಮತ್ತು ಒಂದು ಮೊಣಕೈ ಬೇಕಾಯಿತು.

ತಿರುವು ದಾಟಿದರೆ ಹಾದಿಯೇ ಇಲ್ಲ! ಉದ್ದಕ್ಕೂ ಖಡಿ ಸುರಿದಿದ್ದರು. ಹೊಸದಾಗಿ ಒಡೆದ ಕರಿಕಲ್ಲು, ಒಂದೊಂದಕ್ಕೂ ಚಾಕುವಿನಂಥ ಅಂಚು. ಹತ್ತು ಹನ್ನೆರಡು ಜನ ಕೆಲಸದಲ್ಲಿದ್ದರು. ನಾನು ಇಳಿದು ತಳ್ಳಿಕೊಂಡು ಬರುತ್ತಿದ್ದಂತೆ ಒಬ್ಬಾಕೆ, "ಸರಿಯಿರಿ, ದಾರಿ ಬಿಡಿ, ಹುಡುಗಿ ಬರುತ್ತಿದ್ದಾಳೆ" ಎಂದು ಕೂಗಿದರು. ಕನ್ನಡ! ನಲವತ್ತೊಂದರ ನನ್ನನ್ನು ಹುಡುಗಿ ಎಂದು ಕರೆದದ್ದಕ್ಕೋ, ಆ ಕಾಡಿನಲ್ಲಿ ಆ ಮಾತು ಕಿವಿಗೆ ಬಿದ್ದದ್ದಕ್ಕೋ, ಕಾಲು ತಾನಾಗಿಯೇ ನಿಂತಿತು.

"ಯಾವ ಊರು ಅವ್ವಾ?"

"ಕುಷ್ಟಗಿ ಕಡೆಯವರು ಯವ್ವಾ. ನೀನು?"

"ಧಾರವಾಡ."

"ಹಾಗಾದರೆ ನಮ್ಮವಳೇ" ಎಂದು ಬುಟ್ಟಿ ಕೆಳಗಿಟ್ಟು ನನ್ನ ನೀರಿನ ಬಾಟಲಿಗೆ ಕೈ ಚಾಚಿದರು.

ಅವರ ಬೆರಳುಗಳನ್ನು ಆಗ ನೋಡಿದೆ. ಹಳೆಯ ಸೈಕಲ್ ಟ್ಯೂಬನ್ನು ಉಂಗುರದ ಹಾಗೆ ಕತ್ತರಿಸಿ ಹೆಬ್ಬೆರಳಿಗೂ ತೋರುಬೆರಳಿಗೂ ಎರಡೆರಡು ಸುತ್ತು ಹಾಕಿಕೊಂಡಿದ್ದರು. ಖಡಿ ಚರ್ಮ ಸೀಳದಿರಲಿ ಎಂದು. ಒಂದು ಉಂಗುರದ ಮೇಲೆ ಯಾವತ್ತೋ ಹಚ್ಚಿದ ಪಂಕ್ಚರ್ ತೇಪೆ ಹಾಗೆಯೇ ಉಳಿದಿತ್ತು. ಆ ಹೆಬ್ಬೆರಳಿನಿಂದಲೇ ನನ್ನ ಟೈರನ್ನು ಒತ್ತಿ ನೋಡಿ, "ಗಾಳಿ ಕಡಿಮೆ ಇದೆಯಲ್ಲ" ಎಂದರು.

ಬೇಕೆಂದೇ ಕಡಿಮೆ ಇಟ್ಟಿದ್ದೇನೆ ಎಂದು ವಿವರಿಸಿದೆ. ನಲವತ್ತು ಮಿಲಿಮೀಟರ್ ಅಗಲದ ಟೈರ್, ಒಳಗೆ ಟ್ಯೂಬಿಲ್ಲ, ಸಣ್ಣ ತೂತುಗಳನ್ನು ತಾನೇ ಮುಚ್ಚುವ ಹಾಲಿನಂಥ ದ್ರವವಿದೆ, ಗಾಳಿ ಮೂವತ್ತು ಪಿಎಸ್‌ಐ ಇದ್ದರೆ ಸಾಕು, ಟೈರ್ ಕಲ್ಲಿನ ಮೇಲೆ ಪುಟಿಯದೆ ಅದನ್ನು ತಬ್ಬಿಕೊಂಡು ಹೋಗುತ್ತದೆ. ಅವ್ವ ತಲೆದೂಗುತ್ತಾ ಕೇಳಿದರು. "ಹಾಗಾದರೆ ಇದು ಗರಸಿನ ಸೈಕಲ್" ಎಂದರು. ಇಷ್ಟು ದಿನ ಗ್ರಾವೆಲ್ ಬೈಕ್, ಗ್ರಾವೆಲ್ ಬೈಕ್ ಎಂದು ಎಲ್ಲರಿಗೂ ಹೇಳುತ್ತಾ ಬಂದವಳಿಗೆ ನಮ್ಮ ಮನೆಯ ಹೊಲದ ದಾರಿಯ ಆ ಮಾತು ಒಮ್ಮೆಯೂ ಹೊಳೆದಿರಲಿಲ್ಲ. ಗರಸು. ಇನ್ನು ಮುಂದೆ ಅದನ್ನೇ ಬರೆಯುತ್ತೇನೆ.

ರಸ್ತೆಯ ಲೆಕ್ಕವನ್ನು ಅವರೇ ಹೇಳಿದರು. ಕೆಳಗೆ ದಪ್ಪ ಖಡಿ, ಮೇಲೆ ಸಣ್ಣದು, ಸಂದು ತುಂಬಲು ಮುರುಮು, ನೀರು, ರೋಲರ್. ಆಮೇಲೆ ಡಾಂಬರು. ಡಾಂಬರಾದ ಮೇಲೆ ಅವರಿಗೆ ಇಲ್ಲಿ ಕೆಲಸವಿಲ್ಲ, ಗುಡಿಸಲು ಕಿತ್ತು ಮುಂದಿನ ಊರು. ನನಗೆ ಆ ಹಾದಿ ಹೋಗುತ್ತದೆ ಎಂಬ ಸಂಕಟ. ಆದರೆ ಅದನ್ನು ಕಲ್ಲು ಹೊರುತ್ತಿರುವವರ ಮುಂದೆ ಹೇಳುವುದು ಹೇಗೆ? ಹೇಳಲಿಲ್ಲ. ಈಗಲೂ ಆ ಸಂಕಟ ಇದೆ, ಸುಳ್ಳು ಹೇಳುವುದಿಲ್ಲ.

(ಸುಳ್ಳು ಹೇಳುವುದಿಲ್ಲ ಎಂದು ಬರೆದೆ. ಮುಂದೆ ಓದಿ.)

"ಎಲ್ಲಿಗೆ ಹೊರಟಿರುವೆ?" ಎಂದರು. ಮಹಾದೇವನ ಗುಡಿಗೆ ಎಂದೆ. ಮುಖ ಅರಳಿತು. "ಕರಿಕಲ್ಲಿನ ಗುಡಿಯಂತೆ. ದೀಪಾವಳಿಯಿಂದ ಇಲ್ಲೇ ಇದ್ದೇವೆ, ನೋಡುವುದು ಆಗಿಲ್ಲ. ರಜೆ ಎಲ್ಲಿ?" ಅಲ್ಲಿಂದ ಗುಡಿಗೆ ಒಂಬತ್ತೇ ಕಿಲೋಮೀಟರ್. ಗೋವೆಯ ಕದಂಬರ ಕಾಲದ್ದು, ಹನ್ನೆರಡು ಹದಿಮೂರನೆಯ ಶತಮಾನದ್ದು. ಆ ಕರಿಕಲ್ಲನ್ನು ಘಟ್ಟದ ಆಚೆಯಿಂದ ತಂದರೆಂದು ಹೇಳುತ್ತಾರೆ ಎಂದಾಗ ಅವ್ವ ಒಂದು ಕ್ಷಣ ಸುಮ್ಮನಾಗಿ, "ಹೊತ್ತವರು ನಮ್ಮ ಕಡೆಯವರೇ ಇರಬೇಕು" ಎಂದರು. ಆಮೇಲೆ ಸೊಂಟದ ಚೀಲದಿಂದ ನೋಟು ತೆಗೆದರು. ಬೆವರಿಗೆ ಮೆತ್ತಗಾದ ನೋಟು, ಮೂಲೆಯಲ್ಲಿ ಎಲೆಯಡಿಕೆಯ ಸುಣ್ಣ. ಎರಡೂ ಕಣ್ಣಿಗೆ ಒತ್ತಿಕೊಂಡು ನನ್ನ ಕೈಯಲ್ಲಿಟ್ಟರು. "ನನ್ನ ಹೆಸರಿನಲ್ಲಿ ಅವನ ಮುಂದೆ ಇಡು ತಾಯೀ."

ಟೈರ್ ಸೀಳಿದ್ದು ಅಲ್ಲಿಂದ ಎರಡು ಕಿಲೋಮೀಟರ್ ಮುಂದೆ. ಖಡಿ ಮುಗಿಯಿತು ಎಂದುಕೊಂಡು ಹತ್ತಿದ್ದೆ, ಎಲೆಯಡಿಯಲ್ಲಿ ಒಂದು ಕಲ್ಲು ಉಳಿದಿತ್ತು. ಬುಸ್ಸೆಂದು ಬಿಳಿಯ ದ್ರವ ಕಾಲಿಗೆಲ್ಲಾ ಚಿಮ್ಮಿತು. ಟೈರಿನ ಪಕ್ಕದ ಗೋಡೆಯಲ್ಲಿ ನನ್ನ ಕಿರುಬೆರಳು ತೂರುವಷ್ಟು ಸೀಳು. ಪಕ್ಕದ ಗೋಡೆ ತೆಳು, ಅಲ್ಲಿ ಆ ದ್ರವವೂ ನಿಲ್ಲುವುದಿಲ್ಲ, ತುರುಕಿದ ಪ್ಲಗ್ಗೂ ನಿಲ್ಲುವುದಿಲ್ಲ. ಚೀಲದಲ್ಲಿ ಒಂದು ಟ್ಯೂಬ್ ಇತ್ತು. ಆದರೆ ಸೀಳಿಗೆ ಒಳಗಿನಿಂದ ಗಟ್ಟಿಯಾದ ತೇಪೆ ಕೊಡದಿದ್ದರೆ ಟ್ಯೂಬ್ ಗುಳ್ಳೆಯಂತೆ ಹೊರಬಂದು ಒಡೆಯುತ್ತದೆ. ಅಮೆರಿಕದ ಕಾನ್ಸಾಸ್‌ನಲ್ಲಿ 2006ರಿಂದ ಇನ್ನೂರು ಮೈಲಿಯ ಗರಸು ಹಾದಿಯ ಸ್ಪರ್ಧೆ ನಡೆಯುತ್ತದೆ, ಅಲ್ಲಿಯದು ಟೈರ್ ಕತ್ತರಿಸುವ ಚಕಮಕಿ ಕಲ್ಲು. ಇಂಥ ಕಡೆ ಸಿಕ್ಕಿಕೊಂಡವರು ಕೊನೆಗೆ ಜೇಬಿನ ನೋಟನ್ನೇ ಮಡಚಿ ಇಡುತ್ತಾರೆ ಎಂದು ಎಂದೋ ಓದಿದ್ದೆ. ನನ್ನ ಬಳಿ ನಗದು ಒಂದು ಪೈಸೆ ಇರಲಿಲ್ಲ, ಎಲ್ಲವೂ ಮೊಬೈಲಿನಲ್ಲಿ. ಮೊಬೈಲಿನಲ್ಲಿ ನೆಟ್‌ವರ್ಕ್ ಇಲ್ಲ. ಚಿಕ್ಕಿ ತಂದದ್ದು ಸ್ಟೀಲ್ ಡಬ್ಬಿಯಲ್ಲಿ, ತೇಪೆಯಾಗಿ ಮಡಚಿ ಇಡಲು ಅದರ ಹೊದಿಕೆಯೂ ಇಲ್ಲ.

ಆ ನೋಟು ಇತ್ತು.

ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ಮೇಲೆ ಎಲ್ಲೋ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದ ಸದ್ದು ಗರಗಸ ಎಳೆದಂತೆ ಕೇಳಿತು. ನಮ್ಮ ಅಜ್ಜಿಯ ಅಕ್ಕಿ ಡಬ್ಬಿಯಲ್ಲಿ ಅರಿಶಿನದ ಬಟ್ಟೆಯ ಗಂಟೊಂದು ಇರುತ್ತಿತ್ತು. ಮನೆಯಲ್ಲಿ ಉಪ್ಪಿಗೆ ಕಾಸಿಲ್ಲದ ವರ್ಷವೂ ಆ ಗಂಟನ್ನು ಯಾರೂ ಮುಟ್ಟಿರಲಿಲ್ಲ. ಅಪ್ಪನಿಗೆ ಜ್ವರ ಬಂದಾಗ ಅಜ್ಜಿ ಮೂಗುಬೊಟ್ಟು ಒತ್ತೆಯಿಟ್ಟರು, ಮುಡಿಪು ಬಿಚ್ಚಲಿಲ್ಲ. ನಾನು ಬಿಚ್ಚಿದೆ. ಕರವಸ್ತ್ರದಿಂದ ಟೈರಿನ ಒಳಗನ್ನು ಒರೆಸಿ, ನೋಟನ್ನು ನಾಲ್ಕಾಗಿ ಮಡಚಿ, ಸೀಳಿನ ಮೇಲೆ ಇಟ್ಟು, ಟ್ಯೂಬ್ ಹಾಕಿ ಪಂಪ್ ಒತ್ತಿದೆ. ನಿಂತಿತು.

ಗುಡಿಗೆ ಹೋಗಬಹುದಿತ್ತೇ? ಇನ್ನೊಂದು ಟ್ಯೂಬ್ ಇರಲಿಲ್ಲ, ನಾಲ್ಕು ಗಂಟೆಯಾಗಿತ್ತು, ಮನೆಗೆ ದೂರವಿತ್ತು. ಹಿಂದಿರುಗಿದೆ. ಸರಿಯೋ ತಪ್ಪೋ, ಆಗ ಅಷ್ಟೇ ತೋಚಿದ್ದು.

ಅವ್ವ ರಸ್ತೆ ಬದಿಯಲ್ಲಿ ಮೂರು ಕಲ್ಲಿನ ಒಲೆ ಹೊತ್ತಿಸುತ್ತಿದ್ದರು. ದೂರದಿಂದಲೇ ಎದ್ದು ನಿಂತರು. "ಹೋಗಿ ಬಂದೆಯಾ?"

ಹೂಂ ಎಂದೆ.

ಯಾಕೆ ಹಾಗೆ ಅಂದೆ? ಅಷ್ಟು ಬೇಗ ಹೋಗಿ ಬರಲು ಸಾಧ್ಯವಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ, ಸೈಕಲ್ ಎಂದರೆ ಎಲ್ಲವೂ ಸಾಧ್ಯ ಎಂದುಕೊಂಡಿರಬೇಕು. ನಂದಿ ಇದೆಯೇ ಎಂದು ಕೇಳಿದರು. ಇದೆ ಎಂದೆ, ತಲೆ ಒಡೆದಿರುವುದನ್ನು ಹೇಳಲಿಲ್ಲ. ಮಂಟಪದ ನಾಲ್ಕು ಕಂಬ, ಒಂದು ಕಂಬದ ಬುಡದಲ್ಲಿ ಕುದುರೆಯನ್ನು ತುಳಿಯುತ್ತಿರುವ ಆನೆ, ಮೇಲೆ ಛಾವಣಿಯಲ್ಲಿ ಬಿಡಿಸಿದ ಕಮಲ, ಪಕ್ಕದಲ್ಲಿ ಹರಿಯುವ ಹೊಳೆ, ಎಲ್ಲವನ್ನೂ ಹೇಳಿದೆ. ಒಂದೊಂದೂ ನಿಜ, ಆದರೆ ಅವೆಲ್ಲ ಕಳೆದ ಮಾರ್ಚ್‌ನಲ್ಲಿ ನೋಡಿದ್ದು. ಅವ್ವ ಕಣ್ಣು ಮುಚ್ಚಿಕೊಂಡು ಕೇಳಿದರು. ಕೇಳಿ ಮುಗಿದ ಮೇಲೆ ಬಗ್ಗಿ, ಅಲ್ಲಿಯ ಮಣ್ಣು ಮೆತ್ತಿದೆ ಎಂದು ನಂಬಿ, ನನ್ನ ಹಿಂದಿನ ಚಕ್ರವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅದೇ ಚಕ್ರ.

ಫೋಂಡಾ ತಲುಪಿದಾಗ ಏಳು.

ನಾಳೆ ಸೋಮವಾರ, ಅವನ ವಾರವೇ. ರಜೆ ಕೇಳಿದರೆ ಸಿಗಬಹುದು, ವರ್ಷದ ಕೊನೆ, ಸಿಗದೆಯೂ ಇರಬಹುದು. ಅದೇ ನೋಟನ್ನು ಇಡಬೇಕು, ಬೇರೆಯದಲ್ಲ, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದನ್ನು ತೆಗೆದರೆ ಸೈಕಲ್ ಓಡುವುದಿಲ್ಲ, ಹೊಸ ಟೈರ್ ಬರಲು ವಾರವಾದರೂ ಬೇಕು, ಅಷ್ಟರಲ್ಲಿ ಅವರು ಗುಡಿಸಲು ಕಿತ್ತಿದ್ದರೆ? ಸ್ಕೂಟರಿನಲ್ಲಿ ಹೋಗಬಹುದು. ಸ್ಕೂಟರಿನ ಹಿಂದೆ ಒಬ್ಬರಿಗೆ ಜಾಗವಿದೆ. ಮೇಸ್ತ್ರಿ ಒಂದು ಗಂಟೆ ಬಿಟ್ಟರೆ ಅವ್ವನನ್ನೇ ಕೂರಿಸಿಕೊಂಡು, ಆದರೆ ಆಗ ಮೊದಲು ನಿನ್ನೆ ನಾನು ಹೋಗಿರಲಿಲ್ಲ ಎಂದು ಹೇಳಬೇಕು, ಮತ್ತು ನಂದಿಯ ತಲೆ