ಇಪ್ಪತ್ತನೇ ಚೀಟಿ

ಮಾರ್ಚ್ 13, 2021, ಶನಿವಾರ ರಾತ್ರಿ
ಮೆರಿಡಿಯನ್, ಐಡಹೊ

ಇವತ್ತು ಬೆಳಿಗ್ಗೆ ಐದೂ ಮುಕ್ಕಾಲಿಗೆ ನಾನು ಒಂದು ಕೋವಿ ಅಂಗಡಿ ಮುಂದೆ ಕ್ಯೂ ನಿಂತಿದ್ದೆ. ಮೊಟ್ಟೆಯನ್ನೂ ಮುಟ್ಟದ ನಾನು, ತಲೆಗೆ ಇವರ ಮಂಕಿ ಕ್ಯಾಪು, ಮೂಗಿಗೆ ಮಾಸ್ಕು. ನಮ್ಮೂರು ಸಾಗರದಲ್ಲಿ ಯಾರಿಗಾದರೂ ಹೇಳಿದರೆ ನಂಬಲಿಕ್ಕಿಲ್ಲ. ಕೋವಿ ಕೊಳ್ಳಲಿಕ್ಕಲ್ಲ, ಗುಂಡಿಗೂ ಅಲ್ಲ. ತೊಗರಿ ಕಾಳಿನಷ್ಟು ದೊಡ್ಡ ಒಂದು ಲೋಹದ ಬಟ್ಟಲಿಗೆ. ಅದರ ಹೆಸರು ಪ್ರೈಮರ್. ಗುಂಡಿನ ಬುಡದಲ್ಲಿ ಕೂತು ಒಳಗಿನ ಕೋವಿಮದ್ದಿಗೆ ಕಿಡಿ ಹೊತ್ತಿಸುವುದು ಅದೇ.

ಪಕ್ಕದ ಮನೆಯ ಮೀಸೆ ಅಜ್ಜ ನಿನ್ನೆ ಸಂಜೆ ಬೇಲಿ ಹತ್ತಿರ ಬಂದು ಸುಮ್ನೆ ನಿಂತರು. ಅವರು ಸುಮ್ಮನೆ ನಿಂತರೆ ಏನೋ ಕೇಳುವುದಿದೆ ಅಂತಲೇ ಅರ್ಥ. ಶನಿವಾರ ಅಂಗಡಿಗೆ ಮಾಲು ಬರುತ್ತದಂತೆ, ತಲೆಗೆ ಒಂದೇ ಪೊಟ್ಟಣವಂತೆ, ನಿನ್ನ ಗಂಡ ಬರಬಹುದಾ ಅಂದರು. ಇವರಿಗೆ ಆಫೀಸಿನ ಆನ್‌ಕಾಲ್. ನಾನು ಬರ್ತೀನಿ ಅಂದೆ. ಹೋದ ವರ್ಷ ಲಾಕ್‌ಡೌನಿನಲ್ಲಿ ನಮ್ಮ ನೀರಿನ ಹೀಟರ್ ಕೆಟ್ಟಾಗ ಬಂದು ಕೂತು ಸರಿ ಮಾಡಿಕೊಟ್ಟ ಮನುಷ್ಯ. ಒಂದು ತಲೆ ಸಾಲ ಕೊಡಲಿಕ್ಕೆ ನನಗೇನು ಕಷ್ಟ ಅಂದುಕೊಂಡೆ.

ಅಜ್ಜ ತಮ್ಮ ಗುಂಡು ತಾವೇ ತುಂಬಿಕೊಳ್ಳುವವರು. ಗ್ಯಾರೇಜಿನಲ್ಲಿ ಒಂದು ಒತ್ತುಯಂತ್ರ ಇದೆ, ನಮ್ಮ ಚಕ್ಕುಲಿ ಒರಳಿನ ದೊಡ್ಡಣ್ಣನ ಹಾಗೆ. ಹೊಡೆದ ಗುಂಡಿನ ಹಿತ್ತಾಳೆ ಚಿಪ್ಪನ್ನು ಆರಿಸಿ ತಂದು, ತೊಳೆದು, ಹಿಡಿ ಒತ್ತಿದರೆ ಹಳೇ ಪ್ರೈಮರ್ ಟಿಣ್ ಅಂತ ತಟ್ಟೆಗೆ ಬೀಳುತ್ತದೆ. ಆಮೇಲೆ ಹೊಸ ಪ್ರೈಮರ್, ತೂಗಿದ ಮದ್ದು, ಮೇಲೆ ಹಾರಿ ಹೋಗುವ ಗುಂಡಿನ ತುದಿ. ಚಿಪ್ಪನ್ನು ಎಷ್ಟೋ ಸಲ ಬಳಸಬಹುದು. ಆ ತುದಿಯನ್ನು ಮನೆಯಲ್ಲೇ ಎರಕ ಹೊಯ್ಯುವವರೂ ಇದ್ದಾರೆ. ಒಂದು ಪೌಂಡು ಮದ್ದು ಅಂದರೆ 7,000 ಗ್ರೇನು, ರೈಫಲ್ಲಿಗೂ ನೂರಕ್ಕೂ ಜಾಸ್ತಿ ಗುಂಡಿಗೆ ಸಾಕು. ಆದರೆ ಪ್ರೈಮರ್ ಒಂದೇ ಸಲ. ಅದನ್ನು ಕಾರ್ಖಾನೆಯಿಂದಲೇ ತರಬೇಕು. ಅದಿಲ್ಲದಿದ್ದರೆ ಉಳಿದ ಮೂರೂ ಸುಮ್ನೆ ಕೂತಿರುತ್ತವೆ, ಬೆಂಕಿಕಡ್ಡಿ ಇಲ್ಲದ ಒಲೆ ಇದ್ದ ಹಾಗೆ.

ದಾರಿಯುದ್ದಕ್ಕೂ ಅಜ್ಜ ಬೈದದ್ದೇ ಬೈದದ್ದು. ಪ್ರೈಮರ್ ಮಾಡುವ ಸಿಸಿಐ ಕಾರ್ಖಾನೆ ಇರುವುದು ಇದೇ ಐಡಹೊದ ಲೂಯಿಸ್ಟನ್ನಿನಲ್ಲಿ, ನಮ್ಮಿಂದ ಉತ್ತರಕ್ಕೆ ಐದು ಗಂಟೆ ದಾರಿ. ಆದರೂ ನಮಗೆ ಇಲ್ಲ. ಅಡಿಕೆ ಸೀಮೆಯಲ್ಲಿ ಹುಟ್ಟಿ ಎಲೆಯಡಿಕೆಗೆ ಗತಿ ಇಲ್ಲದ ಹಾಗೆ ಅಂತ ನಾನು ಮನಸ್ಸಲ್ಲೇ ಅಂದುಕೊಂಡೆ. ಈ ದೇಶದಲ್ಲಿ ಇದನ್ನು ಮಾಡುವ ದೊಡ್ಡ ಹೆಸರುಗಳು ನಾಲ್ಕೇ: ಸಿಸಿಐ, ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್. ರೆಮಿಂಗ್ಟನ್ ಹೋದ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಅರ್ಕನ್ಸಾದ ಗುಂಡಿನ ಕಾರ್ಖಾನೆಯನ್ನು ಕೊಂಡದ್ದು ಸಿಸಿಐ ಮತ್ತು ಫೆಡರಲ್ ಎರಡರ ಒಡೆತನ ಇರುವ ವಿಸ್ಟಾ ಕಂಪನಿ. ಅದೇ ಹೊತ್ತಿಗೆ ಕೊರೋನಾ, ಬೇಸಿಗೆಯ ಪ್ರತಿಭಟನೆ, ಗಲಾಟೆ, ನವೆಂಬರಿನ ಚುನಾವಣೆ. 2020ರ ಒಂದೇ ವರ್ಷದಲ್ಲಿ ಕೋವಿಗಾಗಿ ಬಂದವರ ಹಿನ್ನೆಲೆ ನೋಡಲು ಎಫ್‌ಬಿಐ ಮಾಡಿದ ತಪಾಸಣೆ ಸುಮಾರು 3 ಕೋಟಿ 97 ಲಕ್ಷ, ಅಲ್ಲಿವರೆಗಿನ ದಾಖಲೆ ಅದು. ಕೋವಿ ಕೊಂಡವರಿಗೆ ಗುಂಡು ಬೇಕು, ಗುಂಡು ಸಿಗದವರು ತುಂಬಿಕೊಳ್ಳಲು ಹೊರಡುತ್ತಾರೆ, ಕಾರ್ಖಾನೆಯವರು ಇದ್ದ ಪ್ರೈಮರನ್ನು ಮೊದಲು ತಮ್ಮ ಗುಂಡಿಗೇ ಹಾಕುತ್ತಾರೆ. ಉಳಿದ ಚೂರುಪಾರಿಗೆ ನಾವು ಈ ಚಳಿಯಲ್ಲಿ.

ಮೊದಲು ಸಾವಿರಕ್ಕೆ 30-35 ಡಾಲರ್ ಇತ್ತಂತೆ. ಈಗ ಆನ್‌ಲೈನ್ ಹರಾಜಿನಲ್ಲಿ 150 ದಾಟಿದೆ, ಮೇಲೆ ಅಪಾಯದ ಸಾಮಾನು ಅಂತ ಸಾಗಾಟಕ್ಕೆ ಬೇರೆ ಶುಲ್ಕ.

ಕ್ಯೂನಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಮಡಚುವ ಕುರ್ಚಿ, ಕಾಫಿ ಫ್ಲಾಸ್ಕು, ಒಬ್ಬರು ಕಂಬಳಿ ಹೊದ್ದು ನಿದ್ದೆಯನ್ನೇ ಹೊಡೆಯುತ್ತಿದ್ದರು. ಕಂಪನಿಯವರು ಎಲ್ಲೋ ಗೋದಾಮಿನಲ್ಲಿ ರಾಶಿ ಹಾಕಿ ಬಚ್ಚಿಟ್ಟಿದ್ದಾರೆ ಅಂತ ಒಬ್ಬರ ವಾದ. ಇಲ್ಲ, ಆ ಮಾತು ಸುಳ್ಳು ಅಂತ ಹೇಳಲು ಕಂಪನಿಯ ದೊಡ್ಡವರೇ ವಿಡಿಯೊ ಮಾಡಿದ್ದರಲ್ಲ ಅಂತ ಇನ್ನೊಬ್ಬರು. ಬಚ್ಚಿಟ್ಟವರು ಯಾರು ಅಂತ ನನಗೆ ಆಮೇಲೆ ಗೊತ್ತಾಯಿತು, ಆ ವಿಷಯ ಇರಲಿ.

ನನ್ನ ಹಿಂದೆ ಒಬ್ಬ ಹುಡುಗ ಬಂದು ನಿಂತ. ಇಪ್ಪತ್ತು ವಯಸ್ಸಿರಬಹುದು. ಬೂಟಿನ ಮೇಲೆಲ್ಲ ಒಣಗಿದ ಸಗಣಿ, ಮೈಯಲ್ಲಿ ಕೊಟ್ಟಿಗೆ ವಾಸನೆ. ಆ ವಾಸನೆಗೆ ನನಗೆ ಒಂದು ಕ್ಷಣ ಊರೇ ಬಂದ ಹಾಗಾಯಿತು. ರಾತ್ರಿ ಪಾಳಿ ಹಾಲು ಕರೆದು ಸೀದಾ ಬಂದೆ ಅಂದ. ನೀವೂ ಎಲ್ಕ್ ಹೊಡೀತೀರಾ ಅಂತ ಕೇಳಿದ. ಎಲ್ಕ್ ಅಂದರೆ ನಮ್ಮ ಕಡವೆ ಜಾತಿಯದೇ, ಇನ್ನೂ ದೊಡ್ಡದು.

ಹೂಂ, ಅಕ್ಟೋಬರಿನಲ್ಲಿ ಹೋಗ್ತೀನಿ ಅಂದೆ.

ಯಾವ ರೈಫಲ್?

ಥರ್ಟಿ ಆಟ್ ಸಿಕ್ಸ್ ಅಂದೆ. ಕಾರಿನಲ್ಲಿ ಅಜ್ಜ ಎರಡು ಸಲ ಹೇಳಿಕೊಟ್ಟಿದ್ದರು, ಯಾರಾದರೂ ಕೇಳಿದರೆ ಇರಲಿ ಅಂತ.

ಅವನ ಮುಖ ಅರಳಿತು. ಅವನದೂ ಅದೇ, ಅಪ್ಪನ ಕಾಲದ್ದು. ಚಿಪ್ಪಿದೆ, ಗುಂಡಿದೆ, ಅಪ್ಪ ಬಿಟ್ಟುಹೋದ ಮದ್ದಿನ ಡಬ್ಬಿಯೂ ಇದೆ, ಇದೊಂದೇ ಇಲ್ಲ. ಇದು ನಾಲ್ಕನೇ ಶನಿವಾರವಂತೆ. ಅಜ್ಜ ಮುಂದೆ ನೋಡುತ್ತಾ ನಿಂತಿದ್ದರು. ಕಿವಿ ಚೆನ್ನಾಗಿಯೇ ಕೇಳುತ್ತದೆ ಅವರಿಗೆ.

ಏಳು ಗಂಟೆಗೆ ಅಂಗಡಿಯ ಹುಡುಗಿ ಚೀಟಿ ಹಿಡಿದು ಬಂದಳು. ಇವತ್ತು ದೊಡ್ಡ ರೈಫಲ್ಲಿನದು ಇಪ್ಪತ್ತೇ ಇಟ್ಟಿಗೆ ಅಂದಳು. ನೂರರ ಹತ್ತು ಡಬ್ಬಿ ಸೇರಿದ ಸಾವಿರದ ಪೊಟ್ಟಣಕ್ಕೆ ಇವರು ಇಟ್ಟಿಗೆ ಅಂತಲೇ ಹೇಳುವುದು. ಅಜ್ಜನಿಗೆ ಹತ್ತೊಂಬತ್ತು. ನನಗೆ ಇಪ್ಪತ್ತು. ಹುಡುಗನಿಗೆ ಸಾರಿ ಅಂದಳು.

ಅವನು ಜಗಳ ಮಾಡಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ನೋಡೋಣ, ನಿಮಗೆ ಒಳ್ಳೇದಾಗಲಿ ಅಂತ ನನಗೇ ಹೇಳಿ ಹೋದ. ಬಿಳೀ ಟ್ರಕ್ಕು, ಬಾಗಿಲ ಮೇಲೆ ಒಂದು ಡೇರಿ ಹೆಸರು.

ಸುಳ್ಳು ನನ್ನ ಬಾಯಿಗೆ ಅಷ್ಟು ಸಲೀಸಾಗಿ ಹೇಗೆ ಬಂತು ಅಂತ ಬೆಳಗಿಂದ ಯೋಚಿಸುತ್ತಿದ್ದೇನೆ. ಅಭ್ಯಾಸ ಇತ್ತಲ್ಲ. ಚೌತಿ ಹಬ್ಬದ ಹಿಂದಿನ ದಿನ ಸೊಸೈಟಿಗೆ ಸಕ್ಕರೆ ಬಂದಿದೆ ಅಂದರೆ ಅಮ್ಮ ನನ್ನನ್ನೂ ತಮ್ಮನನ್ನೂ ಬೇರೆ ಬೇರೆ ಚೀಲ ಕೊಟ್ಟು ಓಡಿಸುತ್ತಿದ್ದಳು, ಮಧ್ಯೆ ನಾಲ್ಕು ಜನ ಬಿಟ್ಟು ನಿಂತ್ಕೊಳ್ಳಿ ಅಂತ. ನನ್ನ ಕಾರ್ಡು, ಅವನ ಕೈಯಲ್ಲಿ ದೊಡ್ಡಪ್ಪನ ಮನೆ ಕಾರ್ಡು. ಅವನು ಯಾರೋ, ನಾನು ಯಾರೋ. ಸಕ್ಕರೆ ಮುಗಿದು ವಾಪಸ್ ಹೋದವರ ಮುಖ ಒಂದೂ ನೆನಪಿಲ್ಲ. ಆಗ ಗೆದ್ದ ಹಾಗೇ ಅನಿಸುತ್ತಿತ್ತು.

ಮನೆಗೆ ಬಂದ ಮೇಲೆ ಅಜ್ಜ ತಮ್ಮ ಕಪಾಟು ತೋರಿಸಿದರು. ಖುಷಿಯಲ್ಲಿದ್ದರು. ನಾನು ಎಷ್ಟೋ ಸಲ ಅವರ ಗ್ಯಾರೇಜಿಗೆ ಹೋಗಿದ್ದೇನೆ, ಆ ಕಪಾಟು ತೆರೆದದ್ದು ನೋಡಿರಲಿಲ್ಲ. ಒಳಗೆ ಒಂಬತ್ತು ಇಟ್ಟಿಗೆ, ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ತಿಂಗಳು, ವರ್ಷ, ಕೊಟ್ಟ ದುಡ್ಡು. 2014, 2014, 2016, ಹೀಗೆ. ಇನ್ನೊಂದು ಕಡೆ ಮದ್ದಿನ ಡಬ್ಬಿಗಳು.

ವರ್ಷಕ್ಕೆ ಎಷ್ಟು ಹೊಡೀತೀರಿ ಅಜ್ಜ?

ಗುರಿ ಅಭ್ಯಾಸ ಸೇರಿ ಮುನ್ನೂರು. ಎಲ್ಕ್‌ಗೆ ಒಂದು. ಕೈ ನಡುಗಿದರೆ ಎರಡು.

ನಾನು ಬಾಯಿ ಬಿಡಲಿಲ್ಲ. ಅವರೇ ಲೆಕ್ಕ ಹಾಕಿ ನಕ್ಕರು. ನನಗೆ 78, ಇದು ಮುಗಿಯುವಾಗ 108 ಆಗಿರ್ತದೆ ಅಂದರು.

ಮತ್ತೆ ಯಾಕೆ ಅಂತ ಕೇಳಿಬಿಟ್ಟೆ. ಸ್ವಲ್ಪ ಹೊತ್ತು ಒತ್ತುಯಂತ್ರದ ಹಿಡಿಯನ್ನು ಸುಮ್ನೆ ಮೇಲೆ ಕೆಳಗೆ ಮಾಡಿದರು. 2012ರ ಡಿಸೆಂಬರಿನಲ್ಲಿ ಕನೆಕ್ಟಿಕಟ್ಟಿನ ಸ್ಯಾಂಡಿ ಹುಕ್ ಶಾಲೆಯಲ್ಲಿ ಒಬ್ಬ ಗುಂಡು ಹಾರಿಸಿ ಸಣ್ಣ ಮಕ್ಕಳನ್ನು ಕೊಂದನಲ್ಲ, ಸರ್ಕಾರ ಇನ್ನು ಎಲ್ಲ ಬಂದ್ ಮಾಡುತ್ತದೆ ಅಂತ ಜನ ಅಂಗಡಿ ಅಂಗಡಿ ಖಾಲಿ ಮಾಡಿದರು. 2013 ಪೂರ್ತಿ ಮಕ್ಕಳು ಕಲಿಯುವ ಸಣ್ಣ ಪಾಯಿಂಟ್ ಟೂ ಟೂ ಗುಂಡೂ ಸಿಗಲಿಲ್ಲ. ಆ ಬೇಸಿಗೆ ಮೊಮ್ಮಗನಿಗೆ ಗುರಿ ಹಿಡಿಯುವುದು ಕಲಿಸುತ್ತೇನೆ ಅಂತ ಮಾತು ಕೊಟ್ಟಿದ್ದರಂತೆ. ಮುಂದಿನ ಬೇಸಿಗೆ ಹೊತ್ತಿಗೆ ಹುಡುಗನಿಗೆ ಫುಟ್‌ಬಾಲ್ ಹತ್ತಿತ್ತು. ಅಲ್ಲಿಂದ ಒಂದು ಖರ್ಚಾದರೆ ಎರಡು ತರುವುದು ಅಂತ ಮಾಡಿಕೊಂಡೆ ಅಂದರು.

ಆ ಶಾಲೆಯ ಹೆಸರು ಬಂದಾಗ ಅವರಿಗೆ ನೆನಪಾದದ್ದು ಗುಂಡಿನ ಬರ. ನನಗೆ ನೆನಪಾದದ್ದು ಬೇರೆ. ನನ್ನ ಸಣ್ಣವನು ಈಗ ಒಂದನೇ ಕ್ಲಾಸು. ಬಾಗಿಲು ಹಾಕಿ, ದೀಪ ಆರಿಸಿ, ಗೋಡೆಗೆ ಒರಗಿ ಸದ್ದಿಲ್ಲದೆ ಕೂರುವ ಆಟ ಆಡಿಸಿದರು ಅಂತ ಒಂದು ದಿನ ಮನೆಗೆ ಬಂದು ಹೇಳಿದ್ದ. ನಾನು ಈ ಮಾತು ಅಜ್ಜನ ಹತ್ತಿರ ಯಾವತ್ತೂ ಎತ್ತಿಲ್ಲ. ಇವತ್ತೂ ಎತ್ತಲಿಲ್ಲ.

ಆಮೇಲೆ ನಿಜವಾದ ವಿಷಯ ಬಂತು. ಬೆಂಕಿ ನಿಯಮದ ಪ್ರಕಾರ ಮನೆಯಲ್ಲಿ 10,000 ಪ್ರೈಮರಿಗಿಂತ ಜಾಸ್ತಿ ಇಡುವ ಹಾಗಿಲ್ಲ. ಅಜ್ಜ ನಿಯಮದ ಮನುಷ್ಯ. ಒಂಬತ್ತಕ್ಕೆ ಎರಡು ಸೇರಿದರೆ ಹನ್ನೊಂದು. ಮಂಗಳವಾರ ಮಗಳು ಬಂದು ಒಂದು ಒಯ್ಯುತ್ತಾಳೆ, ಅಲ್ಲಿವರೆಗೆ ನಿಮ್ಮಲ್ಲಿ ಇರಬಹುದಾ ಅಂದರು. ತಣ್ಣಗಿನ ಒಣ ಜಾಗ, ಮಕ್ಕಳ ಕೈಗೆ ಸಿಗದ ಕಡೆ. ಮತ್ತೆ ಒಂದು ಮಾತು, ಡಬ್ಬಿಯಿಂದ ತೆಗೆದು ಬೇರೆ ಯಾವುದಕ್ಕೂ ಸುರಿಯಬೇಡ, ಗಾಜಿನ ಬಾಟಲಿಗಂತೂ ಬೇಡವೇ ಬೇಡ, ಒಂದು ಸಿಡಿದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ ಅಂದರು. ನನ್ನ ಅಡುಗೆಮನೆಯಲ್ಲಿ ಸಾಸಿವೆಯಿಂದ ಸಾಬಕ್ಕಿವರೆಗೆ ಎಲ್ಲ ಹಾರ್ಲಿಕ್ಸ್ ಬಾಟಲಿಗೆ ಸುರಿದಿರುವುದನ್ನು ನೋಡಿದ್ದಾರೆ, ಅದಕ್ಕೇ ಹೇಳಿದ್ದು.

ಇವರಿಗೆ ಸಿಟ್ಟು ಬಂತು. ನಿನಗೆ ಯಾರೂ ಇಲ್ಲ ಅನ್ನಲಿಕ್ಕೆ ಬರೋದಿಲ್ಲ ಅಂದರು. ನಾನು ತಿರುಗಿ ಗ್ಯಾರೇಜಿನ ಮೂಲೆ ತೋರಿಸಿದೆ. ಹೋದ ಮಾರ್ಚಿನಲ್ಲಿ ಇವರೇ ಓಡಿ ಹೋಗಿ ತಂದ ಸೋನಾ ಮಸೂರಿ, ಆರು ಚೀಲ, ಇನ್ನೂ ಎರಡು ಉಳಿದಿವೆ. ಒಂದಕ್ಕೆ ಹುಳ ಬಿದ್ದು ಒಣಮೆಣಸು ಹಾಕಿಟ್ಟಿದ್ದೇನೆ. ಇವರು ಮಾತಾಡಲಿಲ್ಲ. ಈಗ ಇಟ್ಟಿಗೆ ನಮ್ಮ ಬಟ್ಟೆ ಕಪಾಟಿನ ಮೇಲಿನ ಅಟ್ಟದಲ್ಲಿ, ಮದುವೆ ಸೀರೆಗಳ ಹಿಂದೆ ಇದೆ.

ರಾತ್ರಿ ಎಂಟೂವರೆಗೆ ಅಪ್ಪಯ್ಯನಿಗೆ ಫೋನ್ ಮಾಡಿದೆ, ಅಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತು. ಎಲ್ಲ ಹೇಳಿದೆ. ಸಾವಿರಾ? ಅಂತ ಎರಡು ಸಲ ಕೇಳಿದರು. ಎಂತಕ್ಕೆ ಕೂಸೇ ಅಷ್ಟೆಲ್ಲ? ಊರಲ್ಲಿ ನಮ್ಮ ಮನೆಯದು ಬೆಳೆ ರಕ್ಷಣೆಯ ಲೈಸೆನ್ಸು, ನನ್ನ ಸ್ವಂತ ಅಜ್ಜನ ಕಾಲದ ಒಂಟಿ ನಳಿಗೆ. ಎಷ್ಟು ತೋಟಾ ಕೊಳ್ಳಬಹುದು ಅಂತ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಆ ನಾಲ್ಕು ತೋಟಾವನ್ನು ಊರಿನ ಅಜ್ಜ ಮಳೆಗಾಲದಲ್ಲಿ ಮಗುವಿನ ಹಾಗೆ ಕಾಯುತ್ತಿದ್ದರು. ಆಗಿನದು ಕಾಗದದ ತೋಟಾ, ಥಂಡಿ ಹಿಡಿದರೆ ಊದಿ ನಳಿಗೆಯೊಳಗೆ ಹೋಗುತ್ತಲೇ ಇರಲಿಲ್ಲ. ಮಂಗ ಬಂದರೆ ಮೇಲಕ್ಕೆ ಒಂದು ಈಡು, ಅದೂ ತೀರಾ ಆಗದಿದ್ದಾಗ. ಇಲ್ಲದಿದ್ದರೆ ಡಬ್ಬ ಬಡಿಯುವುದೇ.

ಡಿಸೆಂಬರಿನಲ್ಲಿ ಪಂಚಾಯ್ತಿ ಚುನಾವಣೆ ಅಂತ ಕೋವಿ ಸ್ಟೇಷನ್ನಿಗೆ ಕೊಟ್ಟು ಬಂದಿದ್ದು, ಮಂಗಗಳಿಗೆ ಹೇಗೆ ಗೊತ್ತಾಗ್ತದೋ, ಬಾಳೆ ಒಂದೂ ಬಿಡಲಿಲ್ಲ ಅಂದರು ಅಪ್ಪಯ್ಯ. ನನಗೆ ನಗು ತಡೆಯಲಿಲ್ಲ. ಇಲ್ಲಿ ಚುನಾವಣೆ ಬಂದರೆ ಕೋವಿ ಅಂಗಡಿ ಖಾಲಿ. ಅಲ್ಲಿ ಚುನಾವಣೆ ಬಂದರೆ ಸ್ಟೇಷನ್ ತುಂಬ ಕೋವಿ. ಅಪ್ಪಯ್ಯನಿಗೆ ನಗು ಬರಲಿಲ್ಲ. ಆ ಹುಡುಗಂಗೆ ಒಂದು ಡಬ್ಬಿ ಕೊಡ್ಲಿಕ್ಕೆ ಆಗ್ತಿತ್ತಿಲ್ಲವಾ, ಹತ್ತು ಡಬ್ಬಿ ಇತ್ತಲ್ಲ ಅಂದರು.

ಹೌದು. ಹತ್ತು ಡಬ್ಬಿ ಇತ್ತು. ಅಜ್ಜನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ, ಅಥವಾ ಹೊಳೆದದ್ದನ್ನು ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ.

ಈಗ ಹತ್ತೂಕಾಲು. ಈಗಷ್ಟೇ ಅಜ್ಜನ ಮೆಸೇಜು. ಮುಂದಿನ ಶನಿವಾರ ಇನ್ನೊಂದು ಅಂಗಡಿಗೆ ಬರುತ್ತದಂತೆ, ಈ ಸಲ ಗಂಡನನ್ನೂ ಕೇಳು ಅಂತ. ಉತ್ತರ ಹಾಕಿಲ್ಲ.

ಟ್ರಕ್ಕಿನ ಮೇಲಿದ್ದ ಡೇರಿ ಹೆಸರು ಗೂಗಲ್ ಮಾಡಿದೆ. ಕೂನಾ ಹತ್ತಿರ, ಇಲ್ಲಿಂದ ಇಪ್ಪತ್ತೈದು ನಿಮಿಷ, ಫೋನ್ ನಂಬರೂ ಇದೆ. ಮಾಡಿ ಏನು ಹೇಳುವುದು. ದುಡ್ಡು ಕೊಟ್ಟದ್ದು ಅಜ್ಜ, ವಸ್ತು ಅಜ್ಜನದು. ಆದರೆ ಚೀಟಿ ನನ್ನದಲ್ವಾ, ಇಪ್ಪತ್ತು ಅಂತ ಬರೆದದ್ದು ನನ್ನ ಕೋಟಿನ ಜೇಬಿನಲ್ಲೇ ಇದೆ. ಒಂದೇ ಒಂದು ಡಬ್ಬಿ ತೆಗೆದರೆ ಮಂಗಳವಾರ ಮಗಳು ಎಣಿಸುತ್ತಾಳಾ, ಎಣಿಸಲಿಕ್ಕಿಲ್ಲ, ಅಜ್ಜ ಎಣಿಸುತ್ತಾರೆ. ಅವರನ್ನೇ ಕೇಳಿಬಿಟ್ಟರೆ ಅಂತ ಒಂದು ಮನಸ್ಸು. ನಾಳೆ ಗಡಿಯಾರ ಬೇರೆ ಒಂದು ಗಂಟೆ ಮುಂದೆ, ಹಾಲು ಕರೆಯುವವರಿಗೆ ಹಸು ಆ ಲೆಕ್ಕ ಕೇಳುತ್ತದಾ ಏನೋ, ಎಷ್ಟು ಗಂಟೆಗೆ ಫೋನ್ ಮಾಡಿದರೆ ಅವನು ಎದ್ದಿರುತ್ತಾನೆ