ಗ್ಲೌಸ್ ಇರೋದು ಎದುರಿಗಿರುವವರಿಗೆ

ಕಿಕ್‌ಬಾಕ್ಸಿಂಗ್ ಕ್ಲಾಸಿಗೆ ಸೇರಿ ಒಂದು ವಾರವಾಗಿತ್ತಷ್ಟೆ. ಆಗಲೇ ಗ್ಲೌಸ್, ಮೊಣಕಾಲ ಕೆಳಗಿನ ಮೂಳೆ ಕಾಯುವ ಶಿನ್ ಗಾರ್ಡ್, ಹೆಡ್ ಗಾರ್ಡ್ ಎಲ್ಲ ಸೇರಿದ ಸೆಟ್ ಒಂದನ್ನು ತರಿಸಿಕೊಂಡಿದ್ದೆ. ಗ್ಲೌಸ್ ಮೇಲೆ 10 ಔನ್ಸ್ ಅಂತ ಬರೆದಿತ್ತು. ಕೈಗೆ ಹಗುರ, ಬೀಸಿದರೆ ವೇಗ, ನನಗಂತೂ ಇಷ್ಟವಾಗಿಬಿಟ್ಟಿತು. ಮೂರನೇ ತಿಂಗಳಲ್ಲಿ ಮೊದಲ ಸಲ ಜೋಡಿಯಾಗಿ ಎದುರುಬದುರು ಹೊಡೆದಾಡುವ ಅಭ್ಯಾಸಕ್ಕೆ, ಅಂದರೆ ಸ್ಪಾರಿಂಗ್‌ಗೆ ನಿಂತೆ. ಜೋರಾಗೇನೂ ಹೊಡೆಯಲಿಲ್ಲ, ಆದರೂ ನನ್ನ ಜೋಡಿ ಹುಡುಗಿಯ ಮೂಗಿನಿಂದ ರಕ್ತ ಬಂತು. ಸರ್ ಬಂದು ನನ್ನ ಗ್ಲೌಸನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಒಳಗಿದ್ದ ನನ್ನ ಬೆರಳಿನ ಗೆಣ್ಣು ನೇರ ಅವರ ಕೈಗೆ ಸಿಕ್ಕಿತು. "ಗ್ಲೌಸ್ ನಿನಗಲ್ಲಮ್ಮ, ಅವಳಿಗೆ" ಅಂದರು.

ಆ ಮಾತು ಆವತ್ತಿನಿಂದ ನನ್ನ ಜೊತೆಗೇ ಇದೆ. ಈಗ ಹೊಸದಾಗಿ ಸೇರಿದವರು ಏನು ಕೊಳ್ಳಲಿ ಅಂತ ಕೇಳಿದರೆ ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ. 16 ಔನ್ಸ್ ಗ್ಲೌಸ್ ಒಂದೊಂದೂ ಹತ್ತಿರ ಹತ್ತಿರ 450 ಗ್ರಾಂ ತೂಗುತ್ತದೆ. ಆ ಹೆಚ್ಚಿನ ತೂಕದ ಬಹುಪಾಲು ಒಳಗಿನ ಮೆತ್ತೆಯದು. ತೂಗುಹಾಕಿದ ಪಂಚಿಂಗ್ ಬ್ಯಾಗಿಗೆ ಹೊಡೆಯಲು 10 ಅಥವಾ 12 ಸಾಕು. ಸ್ಪಾರಿಂಗ್‌ಗೆ ದೊಡ್ಡವರು ಸಾಮಾನ್ಯವಾಗಿ ಬಳಸುವುದು 16, ಮೈತೂಕ ಕಡಿಮೆಯಿದ್ದವರಿಗೆ ಕೆಲವು ಕಡೆ 14 ನಡೆಯುತ್ತದೆ. ಒಂದೇ ಜೋಡಿ ಕೊಳ್ಳುವ ಶಕ್ತಿ ಇದ್ದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಭುಜ ನೋಯುತ್ತದೆ, ನೋಯಲಿ, ಒಂದೆರಡು ತಿಂಗಳಲ್ಲಿ ಅಭ್ಯಾಸವಾಗುತ್ತದೆ. ಕಟ್ಟುವುದಕ್ಕೆ ವೆಲ್ಕ್ರೋ ಇರಲಿ. ಲೇಸ್ ಇರುವುದು ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುತ್ತದೆ ನಿಜ, ಆದರೆ ಪ್ರತಿ ಸಲ ಕಟ್ಟಲು ಇನ್ನೊಬ್ಬರು ಬೇಕು.

ಹಾಗಾದರೆ ನಮ್ಮ ಕೈಗೆ ಏನು? ಹ್ಯಾಂಡ್ ರ‍್ಯಾಪ್. ಅಂದರೆ ಗ್ಲೌಸ್ ಒಳಗೆ ಕೈಗೆ ಸುತ್ತಿಕೊಳ್ಳುವ ಬಟ್ಟೆಯ ಪಟ್ಟಿ. ಮೊದಲ ದಿನವೇ ಕೊಳ್ಳಬೇಕಾದದ್ದು ಇದು. ಒಂದು ಕೈಯಲ್ಲಿ 27 ಮೂಳೆಗಳಿವೆ. ಅಂಗೈಯ ಉದ್ದ ಮೂಳೆಗಳು, ಅದರಲ್ಲೂ ಕಿರುಬೆರಳಿನ ಕಡೆಯದು, ತಪ್ಪಾಗಿ ಬಿದ್ದ ಒಂದೇ ಏಟಿಗೆ ಮುರಿಯಬಲ್ಲವು. ಅವನ್ನೆಲ್ಲ ಒಟ್ಟಿಗೆ ಬಿಗಿದು, ಮಣಿಕಟ್ಟು ಮಡಚದಂತೆ ಹಿಡಿಯುವುದು ಈ ಪಟ್ಟಿಯ ಕೆಲಸ. ದೊಡ್ಡವರಿಗೆ 4.5 ಮೀಟರ್ ಉದ್ದದ್ದು ತೆಗೆದುಕೊಳ್ಳಿ, ಗಿಡ್ಡದು ಮಣಿಕಟ್ಟಿನ ಸುತ್ತು ಮುಗಿಯುವ ಮೊದಲೇ ಖಾಲಿಯಾಗುತ್ತದೆ. ಸ್ವಲ್ಪ ಹಿಗ್ಗುವ ಬಟ್ಟೆಯಾದರೆ ಕೈಗೆ ಚೆನ್ನಾಗಿ ಕೂರುತ್ತದೆ. ಎರಡು ಜೊತೆ ಇರಲಿ, ಒಂದು ಒಗೆದು ಒಣಗುವಾಗ ಇನ್ನೊಂದು ಬೇಕಲ್ಲ. ಗ್ಲೌಸ್ ಅಳತೆ ನೋಡುವಾಗ ಪಟ್ಟಿ ಸುತ್ತಿಕೊಂಡೇ ನೋಡಿ. ಬರಿಗೈಗೆ ಸರಿಹೊಂದಿದ ಗ್ಲೌಸ್ ಆಮೇಲೆ ಬೆರಳು ತೂರಿಸಲೂ ಬಿಡುವುದಿಲ್ಲ.

ಮೌತ್ ಗಾರ್ಡ್ ಸ್ಪಾರಿಂಗ್‌ಗೆ ಮೊದಲೇ ಬೇಕು. ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚಿ ಅಚ್ಚು ತೆಗೆಯುವ ಬಗೆಯದು ಆರಂಭಕ್ಕೆ ಸಾಕು. ಬಾಯಿ ತೆರೆದಾಗಲೂ ಅದು ಮೇಲಿನ ಹಲ್ಲಿಗೆ ಅಂಟಿಕೊಂಡಿರಬೇಕು. ಕೆಳಗೆ ಬಿದ್ದರೆ ಮತ್ತೆ ಬಿಸಿನೀರಿಗೆ ಹಾಕಿ ಅಚ್ಚು ಸರಿಮಾಡಿ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ದಂತವೈದ್ಯರನ್ನು ಕೇಳದೆ ಕೊಳ್ಳಬೇಡಿ. ಗಂಡಸರಿಗೆ ತೊಡೆಸಂದಿ ಕಾಯುವ ಗ್ರೋಯಿನ್ ಗಾರ್ಡ್ ಕೂಡ ಅಷ್ಟೇ ಮುಖ್ಯ.

ನನ್ನ ಸೆಟ್‌ನಲ್ಲಿದ್ದ ಹೆಡ್ ಗಾರ್ಡ್ ಬಗ್ಗೆ ಒಂದು ಮಾತು. ಅದು ಚರ್ಮ ಹರಿಯುವುದನ್ನು, ಊತವನ್ನು ಕಡಿಮೆ ಮಾಡುತ್ತದೆ. ತಲೆಬುರುಡೆಯೊಳಗೆ ಮಿದುಳು ಅಲುಗಾಡುವುದನ್ನು ತಡೆಯುವುದಿಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಪುರುಷರ ಬಾಕ್ಸಿಂಗ್ ಹೆಡ್ ಗಾರ್ಡ್ ಇಲ್ಲದೆಯೇ ನಡೆಯಿತು, ಮಹಿಳೆಯರು ಮಾತ್ರ ಹಾಕಿಕೊಂಡಿದ್ದರು. ಅಭ್ಯಾಸದಲ್ಲಿ ನಾನು ಈಗಲೂ ಹಾಕಿಕೊಳ್ಳುತ್ತೇನೆ. ಆದರೆ ಅದಿದೆಯೆಂದು ತಲೆಗೆ ಜೋರಾಗಿ ಹೊಡೆಸಿಕೊಳ್ಳುವ ಧೈರ್ಯ ಯಾರೂ ಮಾಡಬಾರದು.

ಶಿನ್ ಗಾರ್ಡ್ ಪಾದದ ಮೇಲ್ಭಾಗವನ್ನೂ ಮುಚ್ಚಬೇಕು. ನಮ್ಮ ಪಾದದ ಮೂಳೆ ಇನ್ನೊಬ್ಬರ ಮೊಣಕೈಗೆ ತಾಗಿದಾಗ ಅದರ ಬೆಲೆ ಗೊತ್ತಾಗುತ್ತದೆ. ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ನೋಡಿ. ಮೊಣಕಾಲಿಗೆ ಚುಚ್ಚಿದರೆ ಅದು ಉದ್ದವಾಯಿತು.

ಯಾವ ಕಲೆ ಅನ್ನುವುದೂ ಮುಖ್ಯ. ಅಕ್ಕನ ಮಗ ಜೂಡೋಗೆ ಸೇರಿದಾಗ ಮನೆಯಲ್ಲಿದ್ದ ತೆಳು ಕರಾಟೆ ಬಟ್ಟೆಯನ್ನೇ ಹಾಕಿಕೊಂಡು ಹೋದ. ಜೂಡೋದಲ್ಲಿ ಕಾಲರ್, ತೋಳು ಹಿಡಿದೇ ಎತ್ತಿ ಹಾಕುತ್ತಾರೆ, ಮೊದಲ ವಾರದಲ್ಲೇ ಕಂಕುಳ ಹತ್ತಿರ ಹರಿಯಿತು. ದಪ್ಪ ನೇಯ್ಗೆಯದು ತಂದ ಮೇಲೆ ಅದು ಒಗೆತಕ್ಕೆ ಕುಗ್ಗಿತು, ಹತ್ತಿ ಬಟ್ಟೆಯ ಗುಣವೇ ಅದು. ಒಂದೆರಡು ಸಲ ಒಗೆದು ನೋಡಿದ ಮೇಲೆ ಪ್ಯಾಂಟಿನ ಅಂಚು ಮಡಚಿ ಹೊಲಿಸಿ.

ಇನ್ನು ನೇಲ್ ಕಟರ್. ಕೈ ಉಗುರಷ್ಟೇ ಅಲ್ಲ, ಕಾಲಿನದೂ. ಜೊತೆಗಾರರ ಮುಖದ ಮೇಲೆ ಗೀರು ಬಿದ್ದ ಮೇಲೆ ಕ್ಷಮೆ ಕೇಳುವುದಕ್ಕಿಂತ ಮನೆಯಲ್ಲೇ ಕತ್ತರಿಸಿಕೊಂಡು ಬರುವುದು ಸುಲಭ.

ಆ ಹುಡುಗಿಯೇ ಈಗಲೂ ನನ್ನ ಸ್ಪಾರಿಂಗ್ ಜೋಡಿ. ತಿಂಗಳಿಗೊಮ್ಮೆ ಇಬ್ಬರೂ ಪರಸ್ಪರರ ಗ್ಲೌಸನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇವೆ. ಮೊನ್ನೆ ನನ್ನ ಬಲಗೈ ಗ್ಲೌಸ್ ಒತ್ತಿದವಳು, "ಅಕ್ಕ, ಗೆಣ್ಣು ಸಿಗ್ತಿದೆ" ಅಂದಳು. ಸ್ಪಾರಿಂಗ್‌ಗೆ ಹೊಸ 16 ಔನ್ಸ್ ಹುಡುಕುತ್ತಿದ್ದೇನೆ.