ಚೀಟಿಯ ಕೆಳಗಿನ ನಂಬರ್

ಅವೆನ್ಯೂ ರೋಡಲ್ಲಿ ಕೊಂಡ ಹಳೆ ಪುಸ್ತಕದೊಳಗೆ ಯಾರದೋ ಔಷಧಿ ಚೀಟಿ ಸಿಕ್ಕಿತು. ಡಾಕ್ಟರ ಅಕ್ಷರ ಬ್ರಹ್ಮನಿಗೂ ಅರ್ಥವಾಗದು. ಕೆಳಗಿನ ರಿಜಿಸ್ಟ್ರೇಷನ್ ನಂಬರ್ ಮಾತ್ರ ಸ್ಪಷ್ಟ.

ಸುಮ್ನೆ ಕುತೂಹಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಸೈಟಲ್ಲಿ ಕರ್ನಾಟಕ ಮೆಡಿಕಲ್ ಕೌನ್ಸಿಲ್ ಆರಿಸಿ ಆ ನಂಬರ್ ಹಾಕಿದೆ. ಡಿಗ್ರಿ, ಯೂನಿವರ್ಸಿಟಿ, ಪಾಸಾದ ವರ್ಷ ಎಲ್ಲ ಬಂತು. ನಕಲಿ ಡಾಕ್ಟರುಗಳ ಕಾಲ, ಇದು ಬೇಕೇ ಬೇಕು ಬಿಡಿ.

ಜೊತೆಗೆ ಅವರ ತಂದೆಯ ಹೆಸರೂ ಇತ್ತು. ಫೋನ್ ನಂಬರ್ ಇಲ್ಲ, ಅಪ್ಪನ ಹೆಸರು ಇದೆ!

ಯಾಕೋ ಕಣ್ಣು ಅಲ್ಲೇ ನಿಂತುಬಿಟ್ಟಿತು. ಮಗ ಡಾಕ್ಟರಾದ ದಿನ ಆ ಅಪ್ಪ ಬೀದಿಗೆಲ್ಲ ಮೈಸೂರು ಪಾಕ್ ಹಂಚಿರಬೇಕು, ಅಲ್ವಾ? ಕರೆಯದೆ ಬಂದ ನೆಂಟನ ಹಾಗೆ ಅವರ ಮನೆಯೊಳಗೆ ಇಣುಕಿದೆನೇನೋ ಅನ್ನಿಸಿತು.

ಚೀಟಿಯನ್ನು ಇದ್ದ ಪುಟದಲ್ಲೇ ಇಟ್ಟೆ.